ಎರಡು ಬಣ್ಣದ ಬೆನ್ನಿಗೆ ರೋಸ್

ಹಿತ್ತಲ ಕಲ್ಲಿನ ಮೇಲೆ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದಾಗ ಫೋನು ಬಂತು. ಎರಡೂ ಕೈ ಮೀನಾಗಿತ್ತು. ಮೊಣಕೈಯಿಂದ ಒತ್ತಿ ಹೇಗೋ ಸ್ಪೀಕರಿಗೆ ಹಾಕಿದೆ. ಕದ್ರಿಯಲ್ಲಿರುವ ಅತ್ತಿಗೆ, ನನ್ನ ಗಂಡನ ಅಕ್ಕ. ಅವರನ್ನು ನಾನೂ ಗಂಡನ ಹಾಗೆ ‘ಬಾಯ್’ ಎಂದೇ ಕರೆಯುವುದು. ನಮ್ಮ ಕೊಂಕಣಿಯಲ್ಲಿ ಅಕ್ಕನಿಗೆ ಹಾಗೆ ಹೇಳುತ್ತೇವೆ.

“ಎಂತ ಮಾಡ್ತಾ ಇದ್ದಿ?”

“ಬೂತಾಯಿ ಬಾಯ್. ಇವತ್ತು ಒಳ್ಳೇದು ಸಿಕ್ಕಿತು, ದೇವರ ದಯೆ. ಸಾರು ಮಾಡಿ ನಿಮಗೂ ಕಳಿಸ್ತೇನೆ.”

“ಸಾರು ಇರ್ಲಿ. ನಾನು ಒಂದು ಫೋಟೋ ತೆಗೆಸ್ತೇನೆ.”

“ತೆಗೆಸಿ. ಅದಕ್ಕೆಂತ?”

“ಬಟ್ಟೆ ಇಲ್ಲದೆ.”

ಗೋಡೆಯಾಚೆ ಪಕ್ಕದ ಮನೆಯವರು ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಸದ್ದು ತಟ್ಟನೆ ನಿಂತಿತು. ನಾನು ಮೀನಿನ ಕೈಯಲ್ಲೇ ಫೋನನ್ನು ಹಿಡಿದು, ಸ್ಪೀಕರ್ ಆರಿಸಿ, ಕಿವಿಗೆ ಒತ್ತಿಕೊಂಡು ಅಡುಗೆಮನೆಯೊಳಗೆ ಓಡಿದೆ. ಆ ಫೋನಿನ ವಾಸನೆ ಹೋಗಲು ದಿನಗಳೇ ಬೇಕಾದವು.

“ಬಾಯ್, ಎಂತ ಹೇಳ್ತಿದ್ದೀರಿ ನೀವು?”

“ಹೇಳಿದ್ದು ಕೇಳಿತಲ್ಲ. ನೀನು ನನ್ನೊಟ್ಟಿಗೆ ಬರ್ಬೇಕು. ಒಬ್ಬಳೇ ಹೋದ್ರೆ ಆಗುವುದಿಲ್ಲ. ಎರಡು ಸಲ ಆ ಫೋಟೋದ ಹುಡುಗಿಯ ಗೇಟಿನವರೆಗೆ ಹೋಗಿ ವಾಪಸ್ ಬಂದೆ.”

ಅತ್ತಿಗೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅವರು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಆಗುವುದಿತ್ತು, ಮದುವೆಯ ಹಿಂದಿನ ದಿನದವರೆಗೂ ಬಂದಿತ್ತು. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಇರುತ್ತದೆ. ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ಹತ್ತಿರದವರೆಲ್ಲ ಒಬ್ಬೊಬ್ಬರಾಗಿ ಮೈಗೆ ತೆಂಗಿನಕಾಯಿಯ ಹಾಲು ಹಚ್ಚಿ, ತಲೆಗೆ ಹೊಯ್ದು, ಹಾಡಿ, ಆಮೇಲೆ ಸ್ನಾನ ಮಾಡಿಸುತ್ತಾರೆ. ಕನ್ಯೆಯಾಗಿ ಅವಳ ಕೊನೆಯ ಸ್ನಾನ ಅದು. ರೋಸ್ ಎಂದರೆ ರಸ. ಆ ಹಾಲಿಗೂ ಅದೇ ಹೆಸರು, ಆ ಶಾಸ್ತ್ರಕ್ಕೂ ಅದೇ ಹೆಸರು. ಅತ್ತಿಗೆಯ ರೋಸಿಗೆ ಚಪ್ಪರ ಹಾಕಿ ಆಗಿತ್ತು, ಕಾಯಿ ತುರಿದು ಹಾಲು ಹಿಂಡಿ ಆಗಿತ್ತು. ಬೆಳಿಗ್ಗೆ ಬಳೆ ತೊಡಿಸಲು ಬಂದ ಗಂಡಿನ ಕಡೆಯವರೊಬ್ಬರ ಕಣ್ಣಿಗೆ ಅವರ ಭುಜದ ಕೆಳಗೆ ಒಂದು ಬಿಳಿ ಮಚ್ಚೆ ಬಿತ್ತು. ಊಟದ ಹೊತ್ತಿಗೆ ಹೇಳಿ ಕಳಿಸಿದರು, ಬೇಡ ಎಂದು. ಹಿಂಡಿಟ್ಟ ಹಾಲನ್ನು ನನ್ನ ಅತ್ತೆ ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದರಂತೆ. ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಷ್ಟೋ ವರ್ಷದ ಮೇಲೆ. ಅತ್ತೆ ಒಂದೇ ಸಲ ಹೇಳಿದ್ದು, ಅದೂ ಅಕ್ಕಿ ಆರಿಸುತ್ತಾ, ತಲೆಯೆತ್ತದೆ.

ಅಂದಿನಿಂದ ಅತ್ತಿಗೆ ಮಣಿಕಟ್ಟಿನವರೆಗೆ ತೋಳಿರುವ ರವಿಕೆಯೇ ಹಾಕಿದ್ದು. ಬೇಸಿಗೆಯಲ್ಲಿ ಮಂಗಳೂರಿನಲ್ಲಿ ನಮಗೆ ತೋಳಿಲ್ಲದ ನೈಟಿಯಲ್ಲೇ ಬೆವರು ಇಳಿಯುವಾಗ ಅವರು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಕೂತಿರುತ್ತಿದ್ದರು. ಮಚ್ಚೆ ಮಾತ್ರ ಕೇಳಲಿಲ್ಲ, ಬೆಳೆಯಿತು. ಮೊದಲು ಬೆನ್ನು, ಆಮೇಲೆ ತೋಳು, ಕೈ, ಈಗ ಕೆನ್ನೆಗೂ ಬಂದಿದೆ.

ಕಳೆದ ವರ್ಷ ನನ್ನ ಮಗಳ ರೋಸಿಗೆ ಫೋಟೋ ತೆಗೆಯಲು ಕಾವೂರಿನ ಹುಡುಗಿಯೊಬ್ಬಳು ಬಂದಿದ್ದಳು. ತುಳು ಮಾತಾಡುವ ಮನೆಯವಳು, ಮೂವತ್ತರ ಆಸುಪಾಸು. ಎಲ್ಲರೂ ಹಾಲು ಹೊಯ್ದರೂ ಅತ್ತಿಗೆ ಹಿಂದೆ ನಿಂತಿದ್ದರು. ಮಗಳೇ ಹಟ ಮಾಡಿ ಕರೆದ ಮೇಲೆ ಬಂದು ಒಂದು ಗಿಂಡಿ ಹೊಯ್ದರು. ಆ ಕ್ಷಣದಲ್ಲಿ ಹುಡುಗಿ ಅವರ ಕೈಯನ್ನು ಮಾತ್ರ ತೆಗೆದಿದ್ದಳು. ಆಲ್ಬಮ್ ಬಂದಾಗ ನೋಡಿದೆವು: ಅರ್ಧ ಕಂದು, ಅರ್ಧ ಬಿಳಿ ಬೆರಳುಗಳು, ಅವುಗಳ ನಡುವಿನಿಂದ ಇಳಿಯುವ ಹಾಲು. ಅತ್ತಿಗೆ ಆ ಪುಟವನ್ನು ದಾಟಲೇ ಇಲ್ಲ. ಚಾ ಆರಿತು. ಕೊನೆಗೆ ಹುಡುಗಿಯ ನಂಬರು ಕೇಳಿಕೊಂಡು ಹೋದರು. ಅವಳು ಹೀಗೆ, ಕೇಳಿ ಬರುವ ಹೆಂಗಸರಿಗೆ ಮಾತ್ರ, ಬಟ್ಟೆಯಿಲ್ಲದ ಚಿತ್ರಗಳನ್ನೂ ತೆಗೆಯುತ್ತಾಳೆ ಎಂದು ನನಗೆ ಗೊತ್ತಾದದ್ದು ಈಗ.

“ಈ ಪ್ರಾಯದಲ್ಲಿ ಯಾಕೆ ಬಾಯ್?” ಎಂದೆ ಫೋನಿನಲ್ಲಿ.

“ಈಗಲ್ಲದೆ ಮತ್ತೆ ಯಾವಾಗ? ಡಾಕ್ಟ್ರು ಹೇಳಿದ್ದಾರೆ, ಇನ್ನು ಬೇಗ ಹರಡ್ತದಂತೆ. ಸ್ವಲ್ಪ ಸಮಯದಲ್ಲಿ ಪೂರ್ತಿ ಬಿಳಿ ಆಗ್ತೇನೆ. ಆಗ ನೋಡಿದವರಿಗೆ ನಾನೊಬ್ಬಳು ಬಿಳಿ ದೊರೆಸಾನಿ. ಹುಟ್ಟಿದ ಬಣ್ಣ ಎಲ್ಲಿ ಇತ್ತು, ಇದು ಎಲ್ಲಿಂದ ಎಲ್ಲಿಗೆ ಬಂತು, ಎಂತದೂ ಇರುವುದಿಲ್ಲ. ನನ್ನ ಬೆನ್ನು ಹೇಗುಂಟು ಅಂತ ನನಗೇ ಗೊತ್ತಿಲ್ಲ ಮಾರಾಯ್ತಿ. ಅದು ಹೋಗುವ ಮೊದಲು ಒಮ್ಮೆ ನೋಡ್ಬೇಕು.”

ಮೀನು ಹಿತ್ತಲಲ್ಲೇ ಬಿಟ್ಟಿದ್ದೆ, ಬೆಕ್ಕು ನೆನಪಾಯಿತು. “ಬರ್ತೇನೆ” ಎಂದು ಫೋನಿಟ್ಟೆ. ಬೆಕ್ಕು ಒಂದೇ ಒಂದು ತೆಗೆದುಕೊಂಡು ಹೋಗಿತ್ತು. ಅದೂ ದೇವರ ದಯೆ.

ಬರ್ತೇನೆ ಎಂದೆನಾದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಗುರುವಾರ ಬಿಕರ್ನಕಟ್ಟೆಯ ಬಾಲಯೇಸುವಿನ ಚರ್ಚಿಗೆ ಹೋಗಿ ಮಂಡಿಯೂರಿ ಕೂತೆ. ಇದು ಸರಿಯಾ ತಪ್ಪಾ ಅಂತ ಕೇಳಿದೆ. ಉತ್ತರ ಕಿವಿಗೆ ಬೀಳುವುದಿಲ್ಲ, ನನಗೆ ಗೊತ್ತು. ಎದುರಿಗೆ ಶಿಲುಬೆ ಇತ್ತು. ಹುಟ್ಟಿದಂದಿನಿಂದ ನೋಡಿದ ಶಿಲುಬೆ. ನಮ್ಮ ಪ್ರತಿ ಮನೆಯ ಗೋಡೆಯಲ್ಲೂ ಉಂಟು. ಅಂದು ಮಾತ್ರ ಹೊಳೆಯಿತು: ಸೊಂಟದ ಒಂದು ತುಂಡು ಬಟ್ಟೆ ಬಿಟ್ಟರೆ ಆತನ ಮೈಮೇಲೆ ಏನೂ ಇಲ್ಲ. ಗಾಯ, ಪಕ್ಕೆಲುಬು, ಎಲ್ಲ ಕಾಣುತ್ತದೆ. ಆ ಮೈಗೆ ನಾವು ಮಕ್ಕಳಿಂದಲೇ ಮುತ್ತು ಕೊಡಿಸುತ್ತೇವೆ. ಮೈ ನೋಡುವುದು ಪಾಪವಲ್ಲ, ಹೇಗೆ ನೋಡುತ್ತೇವೆ ಅನ್ನುವುದರಲ್ಲಿ ಎಲ್ಲ ಇದೆ ಅನ್ನಿಸಿತು. ನಾನು ದೇವಶಾಸ್ತ್ರ ಓದಿದವಳಲ್ಲ. ನನಗೆ ಅಷ್ಟು ಸಾಕಾಯಿತು.

ಗಂಡನಿಗೆ ಹೇಳುವುದು ಹೇಗೆ ಎಂಬ ಇನ್ನೊಂದು ಚಿಂತೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ಪೂರ್ತಿ ಹೇಳುವುದು ಅತ್ತಿಗೆಗೆ ಬೇಕಿರಲಿಲ್ಲ.

“ನಾಳೆ ಬಾಯ್ ಫೋಟೋ ತೆಗೆಸ್ತಾರೆ, ನಾನೂ ಹೋಗ್ತೇನೆ” ಎಂದೆ.

“ಪಾಸ್‌ಪೋರ್ಟಿಗಾ? ಎರಡೂ ಕಿವಿ ಕಾಣ್ಬೇಕು, ಹೇಳು ಅವಳಿಗೆ. ಇಲ್ಲದಿದ್ರೆ ವಾಪಸ್ ಮಾಡ್ತಾರೆ.”

“ಕಿವಿ ಕಾಣ್ತದೆ” ಎಂದೆ. “ಕಿವಿಯ ಚಿಂತೆ ಬೇಡ ನಿಮಗೆ.”

ಅಷ್ಟರಲ್ಲಿ ಹುಡುಗಿಯಿಂದ ನನ್ನ ವಾಟ್ಸಾಪಿಗೆ ಮೆಸೇಜ್ ಬಂತು. ಟೀಚರ್ ಆಂಟಿ ಬೆಳಿಗ್ಗೆಯಿಂದ ಬಿಗಿಯಾದ ಬಟ್ಟೆ ಹಾಕಬಾರದು, ಇಲಾಸ್ಟಿಕ್ಕಿನ ಗುರುತು ಮೈಮೇಲೆ ಕೂತರೆ ಬೇಗ ಹೋಗುವುದಿಲ್ಲ ಎಂದು ಬರೆದಿದ್ದಳು. ಕೊನೆಗೆ ಇನ್ನೊಂದು ಸಾಲು: “ಬರುವಾಗ ಸ್ವಲ್ಪ ರೋಸ್ ತನ್ನಿ ಆಂಟಿ. ಫ್ರೆಶ್ ಇರ್ಲಿ.”

ಬೆಳಿಗ್ಗೆ ಬೇಗ ಎದ್ದು ಎರಡು ಕಾಯಿ ಒಡೆದೆ. ತುರಿದು, ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ, ಮೊದಲ ದಪ್ಪ ಹಾಲನ್ನು ಮಾತ್ರ ಹಿಡಿ ಇರುವ ಸ್ಟೀಲಿನ ತೂಕುಪಾತ್ರೆಗೆ ತುಂಬಿದೆ. ಕಾಯಿ ಎರಡೂ ಸಿಹಿಯಾಗಿದ್ದವು. ಮಗಳ ರೋಸಿನಲ್ಲಿ ತೆಗೆದ ಆ ಕೈಯ ಫೋಟೋದ ಹಾಗೆ ಇನ್ನೊಂದು ತೆಗೆಯುವ ಯೋಚನೆ ಇರಬೇಕು ಹುಡುಗಿಗೆ, ಬೇರೆ ಜಾತಿಯವಳಾದರೂ ನಮ್ಮ ಶಾಸ್ತ್ರ ಎಷ್ಟು ಚೆನ್ನಾಗಿ ನೆನಪಿಟ್ಟಿದ್ದಾಳೆ ಎಂದು ಮೆಚ್ಚಿಕೊಂಡೆ.

ಕದ್ರಿಯಲ್ಲಿ ಅತ್ತಿಗೆಯನ್ನು ನೋಡಿ ನಗು ತಡೆಯಲಾಗಲಿಲ್ಲ. ಮನೆಯ ಗೇಟಿಗೂ ಸೀರೆಯಿಲ್ಲದೆ ಬರದವರು ದೊಗಳೆ ನೈಟಿ ಹಾಕಿ, ಮೇಲೊಂದು ಶಾಲು ಹೊದ್ದು ರಿಕ್ಷಾಕ್ಕೆ ಕಾಯುತ್ತಿದ್ದರು.

“ನಗ್ಬೇಡ. ಕಲಿಸಿದ ಮಕ್ಕಳು ಯಾರಾದ್ರೂ ಕಂಡ್ರೆ ಆಸ್ಪತ್ರೆಗೆ ಹೋಗುವುದು ಅಂತ ಹೇಳು.”

“ಎಂತ ಕಾಯಿಲೆ ಅಂತ ಹೇಳ್ಲಿ?”

“ತಲೆಗೆ ಅಂತ ಹೇಳು. ನಂಬ್ತಾರೆ.”

ಕಾವೂರಿನಲ್ಲಿ ಅವಳ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ. ಬೋರ್ಡು ಇಲ್ಲ. ನಾನು ದೊಡ್ಡ ದೊಡ್ಡ ಲೈಟು, ಕಣ್ಣು ಕುಕ್ಕುವ ಬಲ್ಬು ಎಲ್ಲ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಒಂದು ಕಿಟಕಿ, ಅದಕ್ಕೆ ತೆಳ್ಳಗಿನ ಬಿಳಿ ಬಟ್ಟೆ, ಬೂದು ಬಣ್ಣದ ಒಂದು ಗೋಡೆ, ಒಂದು ಥರ್ಮೊಕೋಲ್ ಹಾಳೆ. ಹಾಳೆಯನ್ನು ಅತ್ತ ಇತ್ತ ಸರಿಸಿ ಬೆಳಕನ್ನು ಬೇಕಾದ ಕಡೆ ಬೀಳಿಸುತ್ತಾಳೆ. ಹುಡುಗಿ ಮೊದಲು ಕ್ಯಾಮೆರಾ ಮುಟ್ಟಲಿಲ್ಲ. ಚಾ ಕೊಟ್ಟಳು. ನಮ್ಮ ಫೋನುಗಳನ್ನೂ ತನ್ನದನ್ನೂ ಹೊರಗೆ ಕಪಾಟಿನಲ್ಲಿಟ್ಟು ಬಂದಳು. ಬಾಗಿಲಿನ ಚಿಲಕ ಒಳಗಿನಿಂದ ಹಾಕಿ, “ಇದು ನಿಮ್ಮ ಕೈಯಲ್ಲಿ ಆಂಟಿ, ಯಾರು ಬಡಿದ್ರೂ ತೆಗಿಬೇಡಿ” ಎಂದು ನನ್ನನ್ನು ಅಲ್ಲಿ ಕೂರಿಸಿದಳು. ಅತ್ತಿಗೆಯ ಹತ್ತಿರ ನೆಲದ ಮೇಲೆ ಕೂತು ಹೇಳಿದಳು:

“ಆಂಟಿ, ಎಷ್ಟೊತ್ತಿಗೆ ಬೇಡ ಅನ್ನಿಸಿದ್ರೂ ಬೇಡ ಅಂತ ಹೇಳಿ. ಕಾರಣ ಹೇಳ್ಬೇಕಂತ ಇಲ್ಲ. ನಾನು ಒಂದೊಂದು ತೆಗ್ದ ಕೂಡ್ಲೆ ತೋರಿಸ್ತೇನೆ. ನಿಮಗೆ ಬೇಡದ್ದು ಅಲ್ಲಿಯೇ ಅಳಿಸುವ.”

“ಆಯ್ತು” ಎಂದು ಅತ್ತಿಗೆ ಮೂಲೆಯ ಪರದೆಯ ಹಿಂದೆ ಹೋದರು. ಹುಡುಗಿ ಫ್ಯಾನು ಆರಿಸಿ, ಗೋಡೆಯ ಎದುರು ಚಾಪೆ ಹಾಸಿ, ಅದರ ಮೇಲೊಂದು ಮಣೆ ಇಟ್ಟಳು.

ಅತ್ತಿಗೆ ಹೊರಗೆ ಬರಲಿಲ್ಲ.

ನಾವು ಕಾದೆವು. ಪರದೆಯ ಕೆಳಗೆ ಅವರ ಪಾದಗಳು ಕಾಣುತ್ತಿದ್ದವು, ನೈಟಿಯ ಅಂಚೂ ಕಾಣುತ್ತಿತ್ತು. ಪಾದ ಒಮ್ಮೆ ಬಾಗಿಲಿನ ಕಡೆ ತಿರುಗಿತು. ಇದು ಮೂರನೆಯ ಸಲ ವಾಪಸ್ ಹೋಗುವುದು ಎಂದುಕೊಂಡೆ. ಇವತ್ತು ಹೋದರೆ ಇನ್ನು ಬರುವುದಿಲ್ಲ. ನನ್ನ ಬಾಯಲ್ಲಿ ‘ನಮೋ ಮರಿಯೆ’ ಪ್ರಾರ್ಥನೆ ತನ್ನಷ್ಟಕ್ಕೇ ಬಂತು. ಹುಡುಗಿ ಕರೆಯಲಿಲ್ಲ, ಅವಸರಿಸಲಿಲ್ಲ. ಮೆಲ್ಲಗೆ ನನ್ನತ್ತ ತಿರುಗಿ, “ಆಂಟಿ, ರೋಸ್ ತಂದ್ರಾ?” ಎಂದು ಕೇಳಿದಳು.

ನಾನು ಚೀಲದಿಂದ ತೂಕುಪಾತ್ರೆ ತೆಗೆದು ಕೊಟ್ಟೆ. ಅವಳು ಮುಚ್ಚಳ ತೆಗೆದು ನೋಡಿದಳು. ಮೂಸಿ ನೋಡಿದಳು.

“ಇದೆಂತ ಆಂಟಿ?”

“ರೋಸ್.”

“ಎಂತ ರೋಸ್?”

“ಎಂತ ರೋಸ್ ಅಂದ್ರೆ? ರೋಸ್! ನೀನೇ ಹೇಳಿದ್ದಲ್ವಾ, ಫ್ರೆಶ್ ಇರ್ಲಿ ಅಂತ? ಬೆಳಿಗ್ಗೆ ಹಿಂಡಿದ್ದು.”

ಹುಡುಗಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. “ಅಯ್ಯೋ ದೇವ್ರೇ! ನಾನು ಹೇಳಿದ್ದು ಗುಲಾಬಿ ಹೂ ಆಂಟಿ! ಕೈಯಲ್ಲಿ ಹಿಡ್ಕೊಳ್ಳಲಿಕ್ಕೆ, ಗುಲಾಬಿ!”

ಪರದೆಯ ಹಿಂದೆ ಮೊದಲು ಒಂದು ಕೆಮ್ಮು. ಆಮೇಲೆ ನಗು. ಅತ್ತಿಗೆ ಹಾಗೆ ನಕ್ಕದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ. ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ನಕ್ಕರು, ಪರದೆಯೂ ನಡುಗುತ್ತಿತ್ತು. ನಾವಿಬ್ಬರೂ ನಕ್ಕೆವು. ಆಮೇಲೆ ಆ ಕಡೆಯಿಂದ ಸದ್ದು ನಿಂತಿತು.

“ಎಷ್ಟು ಕಾಯಿಯದ್ದು?” ಅತ್ತಿಗೆಯ ಸ್ವರ.

“ಎರಡರದ್ದು ಬಾಯ್.”

“ಮೊದಲಿನ ಹಾಲಾ?”

“ಮೊದಲಿನದ್ದೇ. ನೀರು ಮುಟ್ಟಿಸ್ಲಿಲ್ಲ.”

ನೈಟಿ ನೆಲಕ್ಕೆ ಬಿದ್ದದ್ದು ಪರದೆಯ ಕೆಳಗೆ ಕಂಡಿತು.

“ಹಾಗಾದ್ರೆ ಹಾಳು ಮಾಡ್ಬೇಡ” ಎಂದು ಅವರು ಟವೆಲಿನಂಥ ಬೈರಾಸು ಸುತ್ತಿಕೊಂಡು ಹೊರಗೆ ಬಂದರು, ನಮ್ಮ ಮುಖ ನೋಡದೆ ನೇರ ಹೋಗಿ ಮಣೆಯ ಮೇಲೆ ಕೂತರು, ನಮಗೆ ಬೆನ್ನು ಹಾಕಿ. ಬೈರಾಸನ್ನು ಬಿಚ್ಚಿ ಪಕ್ಕಕ್ಕಿಟ್ಟು ಮೊಣಕಾಲುಗಳನ್ನು ತಬ್ಬಿಕೊಂಡರು. “ಹೊಯ್ಯಿ.”

ನಾನು ಹುಡುಗಿಯನ್ನು ನೋಡಿದೆ. ಅವಳಿಗೆ ಮದುವೆ ಮುರಿದ ಕತೆ ಗೊತ್ತಿರಲಿಲ್ಲ, ಆದರೆ ಏನೋ ಉಂಟು ಎಂದು ಅರ್ಥವಾಗಿತ್ತು. ಕ್ಯಾಮೆರಾ ಎತ್ತಿಕೊಂಡು ಗೋಡೆಯ ಬದಿಗೆ ಸರಿದು, ಇದ್ದಾಳೋ ಇಲ್ಲವೋ ಎಂಬ ಹಾಗೆ ನಿಂತಳು.

ಆ ಬೆನ್ನನ್ನು ನಾನೂ ಅಂದೇ ನೋಡಿದ್ದು. ಹೇಗೆ ಹೇಳಲಿ? ತೊನ್ನು ಎಂಬ ಮಾತು ನಮ್ಮಲ್ಲಿ ಬೈಗುಳದ ಹಾಗೆ. ಇಲ್ಲಿ ಬೈಗುಳಕ್ಕೆ ಜಾಗವೇ ಇರಲಿಲ್ಲ. ಭುಜದಿಂದ ಸೊಂಟದವರೆಗೆ ಬಿಳಿ ಇಳಿದು ಬಂದಿತ್ತು; ಕಂದು ಅಲ್ಲಲ್ಲಿ ದ್ವೀಪಗಳಂತೆ ಉಳಿದಿತ್ತು. ಅಂಚುಗಳು ಯಾರೋ ಕುಸುರಿ ಮಾಡಿದ ಹಾಗೆ. ಕಿಟಕಿಯ ಬೆಳಕು ಬೆನ್ನೆಲುಬಿನ ಸಾಲಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಪ್ರಾಯದ ಮೈ, ಚರ್ಮ ಸಡಿಲವಾಗಿತ್ತು, ಸೊಂಟದಲ್ಲಿ ಮಡಿಕೆಗಳಿದ್ದವು. ನಾನು ನಿಂತು ನೋಡಿದೆ. ಮಾಡಿದ ದೇವರು ಇದನ್ನೂ ಗಮನ ಕೊಟ್ಟೇ ಮಾಡಿದ್ದಾನೆ ಅನ್ನಿಸಿತು.

ಶಾಸ್ತ್ರದಲ್ಲಿ ಹೇಗೋ ಹಾಗೇ ಮಾಡಿದೆ. ಬೆರಳನ್ನು ಹಾಲಿಗೆ ಅದ್ದಿ ಅವರ ಹಣೆಗೆ ಶಿಲುಬೆ ಗುರುತು ಹಾಕಿದೆ. ಗಿಂಡಿ ಇರಲಿಲ್ಲ, ತೂಕುಪಾತ್ರೆಯ ಮುಚ್ಚಳದಲ್ಲೇ ತುಂಬಿ ತಲೆಗೆ ಹೊಯ್ದೆ. ಹಾಡಲು ಬಾಯಿ ತೆರೆದೆ.

“ಹಾಡ್ಬೇಡ ಮಾರಾಯ್ತಿ, ನಿನ್ನ ಸ್ವರ ಕೇಳಿದ್ರೆ ಪಕ್ಕದ ಮನೆಯವರು ಓಡಿ ಬರ್ತಾರೆ.”

“ಬರ್ಲಿ, ಚಿಲಕ ನನ್ನ ಕೈಯಲ್ಲುಂಟು” ಎಂದು ಮೆಲ್ಲಗೆ ಹಾಡಿಯೇ ಬಿಟ್ಟೆ. ಅವರೂ ಎರಡನೆಯ ಸಾಲಿಗೆ ಸ್ವರ ಸೇರಿಸಿದರು. ಎಷ್ಟೊಂದು ಹುಡುಗಿಯರ ರೋಸಿನಲ್ಲಿ ಹಿಂದೆ ನಿಂತು ಹಾಡಿದವರು ಅವರು.

ಹಾಲು ಕುತ್ತಿಗೆಯಿಂದ ಬೆನ್ನಿಗಿಳಿಯಿತು. ಕಂದಿನ ಮೇಲೆ ಬರುವಾಗ ಗೆರೆಯಾಗಿ ಹೊಳೆಯಿತು. ಬಿಳಿಯ ಮೇಲೆ ಹೋದಾಗ ಕಾಣದಾಯಿತು. ಮತ್ತೆ ಕಂದು ಬಂದಲ್ಲಿ ಹುಟ್ಟಿಕೊಂಡಿತು. ಆಗ ಕ್ಯಾಮೆರಾದ ಸಣ್ಣ ಸದ್ದು ಕೇಳಿತು. ಹುಡುಗಿ ಮಾತಾಡಿದ್ದು ಒಂದೆರಡೇ ಸಲ. “ಆಂಟಿ, ಕಿಟಕಿ ಕಡೆ ಸ್ವಲ್ಪ ತಿರುಗ್ತೀರಾ?” “ಕೈ ಹಾಗೇ ಇರ್ಲಿ.” ಕೂದಲು ಅಡ್ಡ ಬಂದಾಗಲೂ ಅವಳು ಮುಟ್ಟಲಿಲ್ಲ, ಸರಿಸಲು ನನ್ನನ್ನು ಕೇಳಿದಳು. ಆಡಿದಂತೆಯೇ ಒಂದೊಂದು ಚಿತ್ರವನ್ನೂ ಅತ್ತಿಗೆಯ ಮುಂದೆ ಮಂಡಿಯೂರಿ ತೋರಿಸಿದಳು, ಆಗ ಅವರ ಮುಖವನ್ನು ಮಾತ್ರ ನೋಡುತ್ತಾ. ನಾನು ಎಷ್ಟೋ ಮದುವೆಗಳಲ್ಲಿ ಫೋಟೋಗ್ರಾಫರುಗಳನ್ನು ಕಂಡಿದ್ದೇನೆ, ವಧುವಿನ ಗಲ್ಲ ಹಿಡಿದು ತಿರುಗಿಸುವವರನ್ನು. ಬಟ್ಟೆಯಿಲ್ಲದ ಮೈಯ ಎದುರು ಇಷ್ಟು ಮರ್ಯಾದೆ ಇಟ್ಟುಕೊಳ್ಳಲು ಅವಳಿಗೆ ಯಾರು ಕಲಿಸಿದರೋ.

ಅತ್ತಿಗೆ ಒಂದು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೆನ್ನು ಪೂರ್ತಿ, ಮುಖ ಅರ್ಧ, ಹಾಲಿನ ಗೆರೆ.

“ಇದು ನಾನಾ?”

“ನೀವೇ ಆಂಟಿ.”

“ಗೋವಾದಿಂದ ಮಂಗಳೂರಿನವರೆಗಿನ ಮ್ಯಾಪು ಉಂಟಲ್ಲ ಬೆನ್ನಿನಲ್ಲಿ. ನಮ್ಮ ಹಿರಿಯರು ಓಡಿ ಬಂದ ದಾರಿ.” ಆಮೇಲೆ ಸ್ವರ ತಗ್ಗಿಸಿ ಹೇಳಿದರು, “ಚಂದ ಉಂಟು ಅಲ್ವಾ?” ನನ್ನನ್ನೇ ಕೇಳಿದ್ದು.

“ಚಂದ ಉಂಟು ಬಾಯ್” ಎಂದೆ.

ಬಿಸಿನೀರಿನಲ್ಲಿ ಸ್ನಾನವನ್ನೂ ನಾನೇ ಮಾಡಿಸಿದೆ. ತಲೆ ಒರೆಸುವಾಗ ಹುಡುಗಿ ಬಂದು ಸಂಕೋಚದಿಂದ ಕೇಳಿದಳು: ಒಂದು ಪ್ರದರ್ಶನ ಮಾಡುವ ಯೋಚನೆ ಉಂಟು, ಹೆಸರು ಹಾಕುವುದಿಲ್ಲ, ಮುಖವೂ ಪೂರ್ತಿ ಕಾಣುವುದಿಲ್ಲ, ಈ ಒಂದು ಚಿತ್ರ ಇಡಬಹುದಾ? ಇದಕ್ಕಿಂತ ಚಂದದ್ದು ಇಷ್ಟರವರೆಗೆ ತೆಗೆದಿಲ್ಲ ಆಂಟಿ, ಎಂದಳು.

ಅತ್ತಿಗೆ ಯೋಚಿಸಿದರು. “ಬೇಡ ಮಗಾ. ಇದು ನನಗೆ.”

“ಆಯ್ತು ಆಂಟಿ.” ಅಷ್ಟೇ. ಇನ್ನೊಂದು ಮಾತಿಲ್ಲ. ಅವಳ ಮುಖದಲ್ಲಿ ಆಸೆ ಬಂದು ಇಳಿದದ್ದನ್ನು ನಾನು ನೋಡಿದೆ. ಮಕ್ಕಳನ್ನು ಸಾಕಿದವಳಿಗೆ ಅದು ಕಾಣುತ್ತದೆ. ಒಂದು ದೊಡ್ಡ ಪ್ರಿಂಟ್ ಮಾಡಿ ಕೊಟ್ಟ ಮೇಲೆ ಉಳಿದದ್ದನ್ನೆಲ್ಲ ನಮ್ಮ ಎದುರೇ ಅಳಿಸುತ್ತೇನೆ ಎಂದಳು. ಪ್ರಿಂಟ್ ತಂದ ದಿನ ಹಾಗೆಯೇ ಮಾಡಿದಳು. ಅವಳಿಗಾಗಿ ಈಗಲೂ ದಿನಾ ಸಂಜೆಯ ತೇರ್ಸಿನಲ್ಲಿ, ನಾವು ಜಪಮಾಲೆಗೆ ಹಾಗೆ ಹೇಳುವುದು, ಒಂದು ಪ್ರಾರ್ಥನೆ ಸೇರಿಸುತ್ತೇನೆ.

ಮೊನ್ನೆ ಕದ್ರಿಗೆ ಹೋಗಿ ಆ ಚಿತ್ರಕ್ಕೆ ಮೊಳೆ ಹೊಡೆದದ್ದೂ ನಾನೇ. ಅತ್ತಿಗೆ ತಮ್ಮ ಕೋಣೆಯ ಮಂಚದಲ್ಲಿ ಮಲಗಿಕೊಂಡು ಅಲ್ಲಿಂದಲೇ ಹುಕುಂ ಕೊಟ್ಟರು. “ಎಡಕ್ಕೆ. ಇನ್ನೂ ಸ್ವಲ್ಪ. ಮೇಲೆ ಬೇಡ, ಕುತ್ತಿಗೆ ನೋಯ್ತದೆ.” ಅವರ ಕೆನ್ನೆಯಲ್ಲಿ ಉಳಿದಿದ್ದ ಕಂದು ಈಗ ಕಿವಿಯ ಹತ್ತಿರ ಒಂದು ನಾಣ್ಯದಷ್ಟು ಮಾತ್ರ ಇದೆ.

“ಯಾರಾದ್ರೂ ಬಂದು ನೋಡಿದ್ರೆ ಬಾಯ್?”

“ನನ್ನ ಬೆಡ್‌ರೂಮಿಗೆ ಯಾರು ಬರ್ತಾರೆ ಮಾರಾಯ್ತಿ? ನೀನೊಬ್ಬಳು. ನೀನು ಮೊದಲೇ ನೋಡಿ ಆಗಿದೆ.” ಅವರು ತಲೆದಿಂಬು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. “ಈಗ ಬಣ್ಣ ಹೋಗುವುದಾದ್ರೆ ಹೋಗಲಿ. ಎಲ್ಲಿ ಇತ್ತು ಅಂತ ನನಗೆ ಗೊತ್ತುಂಟು.”

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಮನೆಗೆ ಬಂದಾಗ ವಾಷಿಂಗ್ ಮೆಷಿನ್ ಕೆಲಸ ಮುಗಿಸಿ ಕೂಗುತ್ತಿತ್ತು. ಬೆಡ್‌ಶೀಟುಗಳನ್ನು ಬಕೆಟಿಗೆ ತುಂಬಿ, ಬಿಸಿಲು ಇರುವಾಗಲೇ ಒಣಗಿಸಲು ತಾರಸಿಗೆ ಹತ್ತಿದೆ.